ಹತ್ತುಪಟ್ಟುವಿನ ಸೊಂಟ

ನನ್ನ ಸೊಂಟದ ಕಥೆಗೆ ಮುಂಚೆ ಒಂದು ವಿಷಯ ಇತ್ಯರ್ಥವಾಗಿಬಿಡಲಿ. ಮನೆಸಾಮಾನು ಸಾಗಿಸುವ ಕಸುಬಿನಲ್ಲಿ ನನ್ನಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ಮೂರು ಬಾಗಿಲಿನ ಬೀರುವನ್ನು ಎಡಗೈಯಲ್ಲಿ ಎತ್ತಿ, ಬಲಗೈಯಲ್ಲಿ ಚಹಾ ಹೀರುತ್ತ ಮೆಟ್ಟಿಲಿಳಿದವನು ನಾನು. ಚಹಾ ತುಳುಕಲಿಲ್ಲ. ಬೀರುವಿನೊಳಗೆ ಆ ಮನೆಯ ಬೆಕ್ಕು ಏಳು ಮರಿಗಳ ಜೊತೆ ಮಲಗಿತ್ತು, ಎಂಟಕ್ಕೂ ಎಚ್ಚರವಾಗಲಿಲ್ಲ.

ಇಂಥ ನನ್ನನ್ನು ಕೆಲಸದವರೆಲ್ಲ ‘ಹತ್ತುಪಟ್ಟು’ ಎಂದು ಕರೆಯುತ್ತಾರೆ. ನಾನು ಏನೇ ಹೇಳಿದರೂ ಹತ್ತುಪಟ್ಟು ಹೆಚ್ಚಿರುತ್ತದಂತೆ. ನಮ್ಮ ಮೇಸ್ತ್ರಿಯಂತೂ ನಾನು ಬಾಯಿ ತೆರೆದ ಕೂಡಲೇ ಮನಸ್ಸಿನಲ್ಲೇ ಹತ್ತರಿಂದ ಭಾಗಿಸಲು ಶುರುಮಾಡುತ್ತಾರೆ. “ಮೇಸ್ತ್ರಿ, ಆ ಮನೆಯಲ್ಲಿ ಮುನ್ನೂರು ಡಬ್ಬ ಇದೆ” ಎಂದರೆ ಅವರು ಪುಸ್ತಕದಲ್ಲಿ ಮೂವತ್ತು ಎಂದು ಬರೆದುಕೊಂಡು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಹೋಗಿ ನೋಡಿದರೆ ಮೂವತ್ತೇ ಇರುತ್ತದೆ. ಅದು ಕಾಕತಾಳೀಯ.

ಆದರೂ ಒಂದು ಜಾಗ ಮಾತ್ರ ಹದಿನೆಂಟು ವರ್ಷದಿಂದ ನನ್ನದೇ ಆಗಿತ್ತು. ಭಾರದ ಸಾಮಾನನ್ನು ಮೆಟ್ಟಿಲಿನ ಮೇಲೆ ಇಳಿಸುವಾಗ ಕೆಳಗಡೆ ಒಬ್ಬ ಇರಬೇಕು. ಅವನು ಹಿಮ್ಮುಖವಾಗಿ ಇಳಿಯುತ್ತಾನೆ. ತೂಕವೆಲ್ಲ ಅವನ ಮೇಲೆ. ಕಾಲಡಿಯ ಮೆಟ್ಟಿಲು ಅವನಿಗೆ ಕಾಣುವುದಿಲ್ಲ. ಮೇಲಿನಿಂದ ಮೇಸ್ತ್ರಿ “ಇನ್ನು ಆರು, ಇನ್ನು ಐದು” ಎಂದು ಎಣಿಸುತ್ತಾರೆ, ಅವನು ಆ ಎಣಿಕೆಯನ್ನು ನಂಬಿ ಕಾಲಿಡುತ್ತಾನೆ. ಅದಕ್ಕೆ ನಮ್ಮಲ್ಲಿ ‘ಕೆಳಗಿನ ಜಾಗ’ ಎನ್ನುತ್ತೇವೆ. ರಾಜರಿಗೆ ಸಿಂಹಾಸನ ಇದ್ದಂತೆ ನನಗೆ ಕೆಳಗಿನ ಜಾಗ.

ಆ ವರ್ಷ ಸಂಗೀತಶಾಲೆಯವರು ಕಟ್ಟಡ ಬದಲಿಸುವವರಿದ್ದರು. ಅವರ ಪಿಯಾನೊ ನಾಲ್ಕನೇ ಮಹಡಿಯಲ್ಲಿತ್ತು. ಅದನ್ನು ನೋಡಿದರೇ ಲಿಫ್ಟು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮೆಟ್ಟಿಲಿನಲ್ಲೇ ಇಳಿಸಬೇಕು. ಮೆಟ್ಟಿಲು ಏಳುನೂರ ಇಪ್ಪತ್ತು. ಅಂಥ ಪಿಯಾನೊ ನಮ್ಮ ಕಸುಬಿನವನಿಗೆ ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ. ಅದಕ್ಕೆ ಇನ್ನು ಏಳು ವಾರ ಇದೆ ಎನ್ನುವಾಗ ನನ್ನ ಸೊಂಟ ಹಿಡಿಯಿತು.

ಹೇಗೆ ಹಿಡಿಯಿತು ಎಂಬುದು ಇಲ್ಲಿ ಮುಖ್ಯವಲ್ಲ.

ನನ್ನ ಹೆಂಡತಿಗೆ ಮಾತ್ರ ಅದೇ ಮುಖ್ಯ. ಹಾಗಾಗಿ ಹೇಳಿಬಿಡುತ್ತೇನೆ. ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಅವಳು ಬಟ್ಟೆ ಒಣಗಿಸುತ್ತಿದ್ದಳು. ಒಂದು ಕ್ಲಿಪ್ಪು ಕೆಳಗೆ ಬಿತ್ತು. ನಾನು ಬಗ್ಗಿದೆ. ಸೊಂಟದಲ್ಲಿ ‘ಲಟಕ್’ ಎಂದಿತು. ಆ ಸದ್ದಿಗೆ ಎದುರು ಕಟ್ಟಡದ ಪಾರಿವಾಳಗಳೆಲ್ಲ ಹಾರಿಹೋದವು. ನಾನು ನಲ್ಲಿಯ ಹಾಗೆ ಬಾಗಿದವನು ಬಾಗಿದಂತೆಯೇ ನಿಂತೆ, ಆಮೇಲೆ ಮೆಲ್ಲಗೆ ನೆಲಕ್ಕೊರಗಿದೆ.

ನನ್ನನ್ನು ಎತ್ತಲು ಓಡಿಬಂದವನು ನನ್ನ ಭಾವಮೈದ, ಹೆಂಡತಿಯ ತಮ್ಮ. ನಮ್ಮ ಜೊತೆಗೇ ಕೆಲಸ ಮಾಡುತ್ತಾನೆ. ಅವನಿಗೆ ‘ಅರ್ಧಮಾತು’ ಎಂದು ಹೆಸರು, ಏಕೆಂದರೆ ಯಾವ ವಾಕ್ಯವನ್ನೂ ಅವನು ಅಲ್ಲಿಯವರೆಗೆ ಮುಗಿಸಿದ್ದಿಲ್ಲ. ನನ್ನ ಕಂಕುಳಿಗೆ ಕೈಹಾಕಿ ಎತ್ತಿದ. “ಭಾವ, ನನ್ನ...” ಎಂದ. ಅಷ್ಟಕ್ಕೆ ಅವನೂ ಪಕ್ಕದಲ್ಲಿ ಮಲಗಿದ.

ಹೆಂಡತಿ ನಮ್ಮಿಬ್ಬರನ್ನೂ ದಾಟಿಕೊಂಡು ಉಳಿದ ಬಟ್ಟೆ ಒಣಹಾಕಿದಳು. “ಕ್ಲಿಪ್ಪು ಎಲ್ರೀ?” ಎಂದಳು. ಕೈಯಲ್ಲೇ ಇತ್ತು. ಕೊಟ್ಟೆ.

ಸುದ್ದಿ ಕೇಳಿ ಮೇಸ್ತ್ರಿ ಮನೆಗೇ ಬಂದರು. ಮಂಚದ ಮೇಲೊಬ್ಬ, ಸೋಫಾದ ಮೇಲೊಬ್ಬ ಮಲಗಿದ್ದೆವು.

“ಪಿಯಾನೊಗೆ ಏನೋ ಮಾಡ್ತೀಯ?” ಎಂದರು.

“ಮೇಸ್ತ್ರಿ, ಅಷ್ಟರಲ್ಲಿ ನಾನು ಹೆಗಲಿಗೊಂದು ಪಿಯಾನೊ ಹೊತ್ಕೊಂಡು ನಿಮ್ಮ ಮುಂದೆ ಓಡಿ ತೋರಿಸ್ತೀನಿ.”

“ನಿನ್ನ ಬಾಯಿಮಾತು ನಂಬಿ ಅಷ್ಟು ತೂಕದ ಕೆಳಗೆ ನಿನ್ನ ನಿಲ್ಲಿಸಲಾ? ಆಸ್ಪತ್ರೆಯಿಂದ ಒಂದು ಹಾಳೆ ತಾ. ನೋವು ಸೊನ್ನೆ ಅಂತ ಬರೆದಿರಬೇಕು. ಆಗ ಕೆಳಗಿನ ಜಾಗ ನಿಂದೇ.”

ಮೂರನೆಯ ದಿನ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಆಸ್ಪತ್ರೆಗೆ ಹೋದೆವು, ಹೆಂಡತಿಯೂ ಹಿಂದೆಯೇ ಬಂದಳು. ಹೊರರೋಗಿಗಳ ಸಾಲಿನ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದ್ದರು. ಸೊಂಟನೋವು ಶುರುವಾಗಿ ಹದಿನೈದು ದಿನ ದಾಟದವರು ಒಂದು ಅಧ್ಯಯನಕ್ಕೆ ಬೇಕಾಗಿದ್ದಾರೆ, ಫಿಸಿಯೋಥೆರಪಿಯಿಂದ ನಿಜಕ್ಕೂ ಉಪಯೋಗ ಇದೆಯೇ ಎಂದು ಪರೀಕ್ಷಿಸಲಾಗುತ್ತದೆ ಎಂದಿತ್ತು. ನನ್ನಂಥ ಸೊಂಟ ಸಿಕ್ಕರೆ ವಿಜ್ಞಾನ ಒಂದೇ ನೆಗೆತಕ್ಕೆ ನೂರು ವರ್ಷ ಮುಂದೆ ಹೋಗುತ್ತದಲ್ಲ ಎಂದು ನೇರ ಅದರಲ್ಲಿ ಬರೆದಿದ್ದ ಕೋಣೆಗೆ ನುಗ್ಗಿದೆ.

ಒಳಗೆ ಕೂತಿದ್ದವರು ಅಂಕಿಗಳನ್ನೇ ಉಸಿರಾಡುವಂಥ ಮನುಷ್ಯ. ನಾನು ಅವರಿಗೆ ‘ಅಂಕಿ ಸಾಹೇಬರು’ ಎಂದೇ ಹೆಸರಿಟ್ಟೆ. ಕಾಲು ಜೋಮು ಹಿಡಿಯುತ್ತದೆಯೇ, ಜ್ವರ ಇದೆಯೇ, ಮೂತ್ರಕ್ಕೆ ತೊಂದರೆಯೇ ಎಂದೆಲ್ಲ ಕೇಳಿ, ಅಂಥದ್ದೇನೂ ಇಲ್ಲವೆಂದು ಖಚಿತ ಮಾಡಿಕೊಂಡರು.

“ನೋವು ಹೇಗೆ ಶುರುವಾಯ್ತು?”

“ಕಬ್ಬಿಣದ ತಿಜೋರಿ ಸಾರ್. ಒಬ್ಬನೇ ಎತ್ತಿದೆ. ಒಳಗಡೆ ಪೂರ್ತಿ...”

“ಬಟ್ಟೆ ಕ್ಲಿಪ್ಪು,” ಹಿಂದಿನಿಂದ ಹೆಂಡತಿಯ ದನಿ ಬಂತು.

ಸಾಹೇಬರು ನಗಲಿಲ್ಲ. “ಮರದ್ದಾ, ಪ್ಲಾಸ್ಟಿಕ್ಕಾ?” ಎಂದರು.

“ಪ್ಲಾಸ್ಟಿಕ್ಕು,” ಎಂದೆ. “ಆದ್ರೆ ದೊಡ್ಡದು.”

“ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ಅದಕ್ಕಿಂತ ಹೆಚ್ಚು ನೋವು ಊಹಿಸೋಕೂ ಆಗಲ್ಲ. ನಿಮ್ಮದು ಎಷ್ಟು?”

“ಹದಿನೇಳು.”

“ಹತ್ತರ ಮೇಲೆ ಇಲ್ಲ.”

“ನಿಮ್ಮ ಹತ್ರ ಇಲ್ದೆ ಇರಬಹುದು ಸಾರ್, ನನ್ನ ಹತ್ರ ಇದೆ.”

ಅವರು ನಿಟ್ಟುಸಿರುಬಿಟ್ಟು ಭಾವಮೈದನ ಕಡೆ ತಿರುಗಿದರು. “ನಿಮ್ಮದು?”

“ಹೂಂ.”

“ಹೂಂ ಅಂದ್ರೆ ಎಷ್ಟು?”

“ಆರು... ಇರ...” ಎಂದ. ಸಾಹೇಬರು ಆರು ಎಂದು ಬರೆದುಕೊಂಡರು.

ಆಮೇಲೆ ಪರೀಕ್ಷೆಯ ವಿವರ ಹೇಳಿದರು. ಹೊಸದಾಗಿ ಬಂದ ಸೊಂಟನೋವು ಬಹಳ ಜನಕ್ಕೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಿರುವಾಗ ಫಿಸಿಯೋಥೆರಪಿ ಕೊಟ್ಟು ವಾಸಿಯಾದರೆ, ವಾಸಿಮಾಡಿದ್ದು ಚಿಕಿತ್ಸೆಯೋ, ಕಳೆದ ದಿನಗಳೋ? ಅದು ಗೊತ್ತಾಗಲಿಕ್ಕೆ ಎರಡು ಗುಂಪು. ಒಂದು ಗುಂಪಿಗೆ ಫಿಸಿಯೋಥೆರಪಿ. ಇನ್ನೊಂದಕ್ಕೆ ಒಂದು ಕಿರುಪುಸ್ತಕ, ‘ಹಾಸಿಗೆ ಹಿಡಿಯಬೇಡಿ, ಆದಷ್ಟು ಓಡಾಡಿಕೊಂಡಿರಿ’ ಎಂಬ ಸಲಹೆ. ಯಾರು ಯಾವ ಗುಂಪು ಎಂಬುದನ್ನು ಮುಚ್ಚಿದ ಲಕೋಟೆ ತೀರ್ಮಾನಿಸುತ್ತದೆ.

“ನನಗೆ ಎರಡೂ ಕೊಡಿ,” ಎಂದೆ.

“ಆಗಲ್ಲ. ಇನ್ನೊಂದು ವಿಷಯ. ಆರು ವಾರ ಆದ್ಮೇಲೆ ನಾನೇ ನಿಮ್ಮನ್ನ ಕೇಳೋದು. ಲಕೋಟೆಯಲ್ಲಿ ಏನಿತ್ತು ಅಂತ ನನಗೆ ಹೇಳಲೇಬಾರದು. ಗೊತ್ತಾದ್ರೆ ನನ್ನ ಪೆನ್ನು ನನಗೇ ತಿಳೀದ ಹಾಗೆ ಒಂದು ಕಡೆ ವಾಲಿಬಿಡುತ್ತೆ.”

ನಲವತ್ತೆರಡು ದಿನಗಳ ದಿನಚರಿ ಹಾಳೆಯನ್ನೂ ಕೊಟ್ಟರು. ದಿನಕ್ಕೊಂದು ಅಂಕಿ ಬರೆಯಬೇಕು. ನಕಲು ನಾವೇ ಇಟ್ಟುಕೊಳ್ಳಬಹುದು. ಮೇಸ್ತ್ರಿ ಕೇಳಿದ ಹಾಳೆ ಸಿಕ್ಕಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಹೊರಗೆ ಬಂದು ಲಕೋಟೆ ಒಡೆದರೆ ನನಗೆ ಫಿಸಿಯೋಥೆರಪಿ, ಅರ್ಧಮಾತಿಗೆ ಕಿರುಪುಸ್ತಕ.

“ಪಾಪ ಕಣಯ್ಯ ನೀನು,” ಎಂದೆ. “ನಾನು ಎದ್ದು ಕುಣಿಯೋ ಹೊತ್ತಿಗೆ ನೀನು ಮುನ್ನುಡಿ ಓದ್ತಾ ಇರ್ತೀಯ.”

“ನೋಡೋಣ, ಭಾ...” ಎಂದ.

ಫಿಸಿಯೋ ಮೇಡಮ್ಮಿನ ಕೋಣೆಯಲ್ಲಿ ಮುಖ ಹುದುಗಿಸಲು ತೂತಿರುವ ಒಂದು ಮಂಚ, ಎರಡು ನೀಲಿ ಚಾಪೆ, ಗೋಡೆಯಗಲ ಕನ್ನಡಿ ಇದ್ದವು. ಮೇಡಮ್ಮು ನನ್ನ ಎಡಗಾಲಿನಷ್ಟು ತೂಕದ ಹೆಂಗಸು. ಆದರೆ ಆ ಹೆಬ್ಬೆರಳು! ನನ್ನ ಬೆನ್ನಿನ ಮೇಲೆ ಒತ್ತಿದರೆ ಮಂಚದ ಕೆಳಗಿನ ನೆಲ ತಗ್ಗಾಯಿತು. ಒತ್ತಿ, ತಿರುಗಿಸಿ, ನಿಲ್ಲಿಸಿ, ನಡೆಸಿ ನೋಡಿದರು.

“ಯಜಮಾನ್ರೇ, ತಲೆ ಮೇಲೆ ಗಾಜಿನ ಲೋಟ ಇಟ್ಕೊಂಡವರ ಹಾಗೆ ನಡೀತಿದ್ದೀರಲ್ಲ. ಒಡೆದು ಹೋಗಲ್ಲ, ಬಗ್ಗಿ.”

“ಬಗ್ಗಿದ್ದಕ್ಕೇ ಇಲ್ಲಿಗೆ ಬಂದಿರೋದು ಮೇಡಂ.”

“ಬಗ್ಗೋದು ಬಿಟ್ರೆ ಇಲ್ಲೇ ಇರ್ತೀರ.”

ಮನೆಯಲ್ಲಿ ಮಾಡಲು ಮೂರು ವ್ಯಾಯಾಮ ಕೊಟ್ಟರು, ಒಂದೊಂದೂ ಹತ್ತು ಸಲ. ಒಂದು ವಾರ ಬಿಟ್ಟು ಹೋದಾಗ ಮೊದಲ ಪ್ರಶ್ನೆಯೇ, “ದಿನಕ್ಕೆ ಎಷ್ಟು ಸಲ ಮಾಡಿದ್ರಿ?”

“ಮುನ್ನೂರು.”

ಮೇಡಮ್ಮು ನನ್ನ ಮುಖವನ್ನೇ ನೋಡಿದರು. ಆ ನೋಟಕ್ಕೆ ಕಲ್ಲೂ ಕರಗುತ್ತದೆ.

“ನಾಲ್ಕು,” ಎಂದೆ.

ಅವರು ನನ್ನ ದಿನಚರಿ ತೆಗೆದುಕೊಂಡರು. ಮೊದಲ ದಿನ ಹದಿನೇಳು. ಎರಡನೇ ದಿನ ನಲವತ್ತು. ಮೂರನೇ ದಿನ ಎದುರುಮನೆಯವರು ನೋಡಲು ಬಂದಿದ್ದರು, ಅವರೆದುರು ಸಣ್ಣ ಅಂಕಿ ಬರೆಯಲಾದೀತೇ? ನೂರು. ಐದನೇ ದಿನ ಇದ್ದಕ್ಕಿದ್ದಂತೆ ಮೇಸ್ತ್ರಿಯ ನೆನಪಾಗಿ ಸೊನ್ನೆ.

“ಸೊನ್ನೆ ಅಂತ ಬರೆದಿದ್ದೀರಿ. ಈಗ ಕುರ್ಚಿ ಮೇಲೆ ಕೂರೋಕೆ ಅರ್ಧ ನಿಮಿಷ ತಗೊಂಡ್ರಿ.”

“ಅದು... ಕುರ್ಚಿಗೆ ಗೌರವ ಕೊಟ್ಟಿದ್ದು.”

“ಇವು ನಿಮ್ಮ ಸೊಂಟದ ಅಂಕಿ ಅಲ್ಲ ಯಜಮಾನ್ರೇ, ನಿಮ್ಮ ಬಾಯಿಯ ಅಂಕಿ. ಹೀಗೇ ಬರೆದ್ರೆ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ನಿಮ್ಮ ಸಾಲನ್ನ ಖಾಲಿ ಬಿಡ್ತಾರೆ.”

“ಖಾಲಿ ಅಂದ್ರೆ?”

“ನೀವು ಈ ಪರೀಕ್ಷೆಯಲ್ಲಿ ಇದ್ದೇ ಇರಲಿಲ್ಲ ಅನ್ನೋ ಹಾಗೆ.”

ಅರ್ಧಮಾತಿನ ಸಾಲು ತುಂಬಿರುತ್ತದೆ, ನನ್ನದು ಖಾಲಿ! “ಮೇಡಂ, ನೋವನ್ನ ಅಳೆಯೋ ಯಂತ್ರ ಯಾವುದೂ ಇಲ್ವಾ? ತಕ್ಕಡಿ, ಟೇಪು, ಏನಾದ್ರೂ?”

“ಇಲ್ಲ. ನೀವು ಹೇಳಿದ್ದೇ ಅಳತೆ.”

ಬಸ್ಸಿನಲ್ಲಿ ಕಂಬ ಹಿಡಿದು ನಿಂತವನಿಗೆ ಅದೇ ಮಾತು ತಲೆಯಲ್ಲಿ ಗಿರಕಿ ಹೊಡೆಯಿತು. ಎಂಥ ವಿಚಿತ್ರ ನೋಡಿ. ಮೇಸ್ತ್ರಿ ನನ್ನ ಮಾತು ನಂಬುವುದಿಲ್ಲವೆಂದು ಆಸ್ಪತ್ರೆಯ ಹಾಳೆ ಕೇಳಿದರು. ಆಸ್ಪತ್ರೆಯವರು ಆ ಹಾಳೆಯಲ್ಲಿ ಬರೆದುಕೊಳ್ಳುವುದು ನನ್ನ ಮಾತನ್ನೇ! ಹದಿನೇಳು, ನಲವತ್ತು, ನೂರು, ಸೊನ್ನೆ ಎಂದಿರುವ ಹಾಳೆ ಕೊಂಡುಹೋದರೆ ಮೇಸ್ತ್ರಿ ಅದರಲ್ಲಿ ಚಹಾದ ಲೋಟ ಒರೆಸುತ್ತಾರೆ. ಪಿಯಾನೊ ಕೈತಪ್ಪಿದಂತೆಯೇ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಲೇ, ನನಗೆ ನಿಜ ಹೇಳೋದು ಕಲಿಸಿಕೊಡೇ.”

ಅವಳು ಮಡಚುತ್ತಿದ್ದ ಅಂಗಿಯನ್ನು ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಅವತ್ತಿನಿಂದಲೇ ಪಾಠ ಶುರುಮಾಡಿದಳು.

“ಬಸ್ಸಿಗೆ ಎಷ್ಟು ಹೊತ್ತು ಕಾದ್ರಿ?”

“ಮೂರು ಗಂಟೆ.”

“ರೀ...”

“ಒಂದೂವರೆ...”

“ರೀ!”

“ಹನ್ನೊಂದು ನಿಮಿಷ.”

“ಹಾಂ! ನೋವಾಯ್ತಾ ಹೇಳೋಕೆ?”

“ಒಂಬತ್ತು ನೋವಾಯ್ತು,” ಎಂದೆ. ಅದು ನಿಜವಾಗಿತ್ತು.

ದಿನವೂ ಅಭ್ಯಾಸ. ಅಡುಗೆಗೆ ಉಪ್ಪು ಹತ್ತಕ್ಕೆ ಎಷ್ಟು? ಮೇಲಿನ ಮನೆಯವರ ಗಲಾಟೆ ಎಷ್ಟು? ಅವಳ ಹೊಸ ಚಪ್ಪಲಿ ಎಷ್ಟು ಚೆಂದ? ಕೊನೆಯದಕ್ಕೆ ಆರು ಎಂದು ನಿಜ ಹೇಳಿ ಅರ್ಧ ದಿನ ಮಾತು ಕಳೆದುಕೊಂಡೆ. ಹತ್ತು ಎಂದರೆ ಹತ್ತೇ ಸಲ ವ್ಯಾಯಾಮ ಮಾಡಿದೆ. ದಿನಚರಿಯ ಮೊದಲ ವಾರದ ಅಂಕಿಗಳ ಪಕ್ಕ ‘ಇವು ಬಡಾಯಿ’ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಎಂಟನೇ ದಿನದಿಂದ ಏಳು, ಏಳು, ಆರು, ಆರು, ಐದು. ಚಿಕ್ಕ ಚಿಕ್ಕ ಅಂಕಿಗಳು. ಬರೆಯುವಾಗ ಬೆಳ್ಳಿ ಲೋಟವನ್ನು ಮಣ್ಣಿಗೆ ಎಸೆದ ಹಾಗೆ ಹೊಟ್ಟೆ ಉರಿಯುತ್ತಿತ್ತು.

ಅರ್ಧಮಾತೇನು ಸುಮ್ಮನಿದ್ದನೇ? ಕಿರುಪುಸ್ತಕವನ್ನು ಮೂರು ಸಲ ಓದಿ, ದಿನಾ ಮಾರುಕಟ್ಟೆಯವರೆಗೆ ನಡೆದು ಬರುತ್ತಿದ್ದ. ಮೂರನೇ ವಾರದಲ್ಲಿ ನನ್ನದು ಮೂರಕ್ಕಿಳಿದಾಗ ಅವನದಿನ್ನೂ ನಾಲ್ಕು. ನಾನು ಮೀಸೆ ತಿರುವಿದೆ. ಐದನೇ ವಾರ ಇಬ್ಬರದ್ದೂ ಎರಡು. ಮೀಸೆ ಬಿಟ್ಟೆ.

“ಏನಯ್ಯ, ಬರೀ ನಡೆದಿದ್ದಕ್ಕೇ ಇಳಿದೋಯ್ತಾ?”

“ಪುಸ್ತಕದಲ್ಲಿ ಹಾಗೇ ಬರೆ...” ಎಂದ.

ನಲವತ್ತೆರಡನೇ ದಿನ ಅಂಕಿ ಸಾಹೇಬರ ಮುಂದೆ ಕೂತೆ. ಅರ್ಧ ನಿಮಿಷವಲ್ಲ, ಒಂದೇ ಸಲಕ್ಕೆ ಕೂತೆ. ಕಾಲುಚೀಲ ಹಾಕಿಕೊಳ್ಳಲು ಕಷ್ಟವೇ, ಮಗ್ಗುಲು ಬದಲಿಸಲು ಕಷ್ಟವೇ, ನೋವಿನಿಂದ ಮನೆಯವರ ಮೇಲೆ ರೇಗುತ್ತೀರಾ ಎಂದು ಪಟ್ಟಿ ಓದಿದರು. ರೇಗುವ ಪ್ರಶ್ನೆಗೆ ಹೆಂಡತಿ ಬಾಯಿ ತೆರೆದಳು. ಸಾಹೇಬರು ಕೈಯೆತ್ತಿ ತಡೆದರು.

“ಸಾರ್, ಆ ಹೆಬ್ಬೆರಳು ಇದೆಯಲ್ಲ...” ಎಂದು ಬಾಯಿಗೆ ಬಂದೇಬಿಟ್ಟಿತು. ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡರು. ಹೆಂಡತಿ ನನ್ನ ಕಾಲು ತುಳಿದಳು. “ನನ್ನ ಹೆಬ್ಬೆರಳು ಸಾರ್,” ಎಂದೆ. “ಈಗ ಇವಳು ತುಳಿದಳು.”

“ಸರಿ. ಇವತ್ತಿನ ನೋವು, ಸೊನ್ನೆಯಿಂದ ಹತ್ತು?”

ನಡೆಯುವಾಗ ಏನೂ ಇರಲಿಲ್ಲ. ಪೂರ್ತಿ ಬಗ್ಗಿದಾಗ ಮಾತ್ರ ಎಡಗಡೆ ಸಣ್ಣಗೆ ಚುಳುಕ್ ಎನ್ನುತ್ತಿತ್ತು. ಸೊನ್ನೆ ಎಂದರೆ ಯಾರಿಗೆ ಗೊತ್ತಾಗುತ್ತದೆ? ಯಂತ್ರ ಇಲ್ಲ, ತಕ್ಕಡಿ ಇಲ್ಲ. ಸೊನ್ನೆ ಎಂದರೆ ಪಿಯಾನೊ ನನ್ನದು. ನಾಲಿಗೆಯ ತುದಿಯಲ್ಲಿ ಸೊನ್ನೆ ಉರುಳಾಡುತ್ತಿತ್ತು.

“ಎರಡು,” ಎಂದೆ.

ಮರುದಿನ ಗೋದಾಮಿಗೆ ಹೋದೆವು. ಮೇಸ್ತ್ರಿ ಕಂಬಳಿಗಳ ರಾಶಿಯ ಮೇಲೆ ಕೂತು, ಪಿಯಾನೊಗೆ ಬಿಗಿಯುವ ಪಟ್ಟಿಗಳನ್ನು ಎಳೆದೆಳೆದು ಪರೀಕ್ಷಿಸುತ್ತಿದ್ದರು. ಅರ್ಧಮಾತಿನ ಹಾಳೆ ಮೊದಲು ನೋಡಿದರು. ಕೊನೆಯ ಅಂಕಿ ಸೊನ್ನೆ. ಆಮೇಲೆ ನನ್ನದನ್ನು ಕಣ್ಣಿನ ಹತ್ತಿರ ತಂದುಕೊಂಡು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

“ಎರಡು ಅಂತಿದೆ.”

“ಹೌದು ಮೇಸ್ತ್ರಿ.”

“ನಿನ್ನ ಎರಡು ಅಂದ್ರೆ,” ಅಂದು ಅವರು ಬೆರಳು ಮಡಚಿದರು, “ಹತ್ತರಿಂದ ಭಾಗಿಸಿದ್ರೆ ಸೊನ್ನೆ ಪಾಯಿಂಟ್ ಎರಡು. ಅಂದ್ರೆ ಏನೂ ಇಲ್ಲ ಅಂತಲೇ ಲೆಕ್ಕ. ಹೌದೇನೋ ಹತ್ತುಪಟ್ಟು? ಭಾಗಿಸಲಾ?”

ನೋಡಿ, ಭಾಗ್ಯ ತಾನಾಗಿಯೇ ಬಾಗಿಲು ತಟ್ಟಿತ್ತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಬಾಯಿ ಮುಚ್ಚಿಕೊಳ್ಳುವುದನ್ನು ನಾನು ಎಂದೂ ಕಲಿತವನಲ್ಲ.

“ಬೇಡ ಮೇಸ್ತ್ರಿ,” ಎಂದೆ. “ಹಾಗೇ ಓದಿ. ಅದು ಬರೀ ಎರಡು.”

ಮೇಸ್ತ್ರಿ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. “ಹಾಗಾದ್ರೆ ಕೆಳಗಿನ ಜಾಗ ನಿನಗಿಲ್ಲ,” ಎಂದರು. “ಅರ್ಧಮಾತು ನಿಲ್ತಾನೆ.”

ನನ್ನ ಎದೆ ಪಿಯಾನೊಗಿಂತ ಭಾರವಾಯಿತು. ಇದು ಬಡಾಯಿಯಲ್ಲ. ಗೋಣು ಆಡಿಸಿ ಬಾಗಿಲ ಕಡೆ ತಿರುಗಿದೆ.

“ಎಲ್ಲಿಗೆ ಹೊರಟೆಯೋ? ಮಾತು ಮುಗೀಲಿಲ್ಲ. ನನಗೀಗ ಈ ಕನ್ನಡಕದಲ್ಲಿ ಮೆಟ್ಟಿಲಿನ ಅಂಚು ಎರಡೆರಡು ಕಾಣುತ್ತೆ. ಮೇಲೆ ನಿಂತು ಎಣಿಸೋಕೆ ಒಬ್ಬ ಬೇಕು. ಅವನ ಎಣಿಕೆಯನ್ನ ಕಣ್ಣುಮುಚ್ಚಿ ನಂಬೋ ಹಾಗಿರಬೇಕು. ನಿನ್ನೆವರೆಗೂ ನಿನ್ನ ಹೆಸರು ನನ್ನ ತಲೆಗೇ ಬಂದಿರಲಿಲ್ಲ.”

“ಮೇಸ್ತ್ರಿ, ನಾನಾ?”

“ಆಗುತ್ತಾ, ಇಲ್ವಾ?”

“ಭೂಮಿ ಮೇಲೆ ನನ್ನಷ್ಟು ಚೆನ್ನಾಗಿ ಎಣಿಸೋನು...” ಎಂದವನು ಅಲ್ಲಿಗೇ ನಿಲ್ಲಿಸಿ, “ಆಗುತ್ತೆ,” ಎಂದೆ.

ಪಿಯಾನೊ ದಿನ ಬಂತು. ಕಂಬಳಿ ಸುತ್ತಿ, ಪಟ್ಟಿ ಬಿಗಿದು, ಹಲಗೆಯ ಮೇಲೆ ನಿಲ್ಲಿಸಿದರು. ಮೇಲೆ ಮೂವರು ಪಟ್ಟಿ ಹಿಡಿದರು. ಕೆಳಗೆ ಅರ್ಧಮಾತು, ಬೆನ್ನು ಬಯಲಿಗೆ, ಮುಖ ಪಿಯಾನೊಗೆ. ನಾನು ಕಂಬಿಗೊರಗಿ ಎಣಿಸತೊಡಗಿದೆ. ಮಹಡಿಗೆ ಹದಿನೆಂಟು.

“ಹದಿನೆಂಟು... ಹದಿನೇಳು... ಹದಿನಾರು...”

ಮೊದಲ ಮಹಡಿ ಇಳಿಯಿತು, ಎರಡನೆಯದೂ. ನನ್ನ ಬಾಯಿಯೊಳಗೆ ದೊಡ್ಡ ದೊಡ್ಡ ಅಂಕಿಗಳು ಕಚಗುಳಿ ಇಡುತ್ತಿದ್ದವು. ಒಂದೇ ಒಂದು ಸಲ ‘ಇನ್ನು ಮುನ್ನೂರು’ ಎಂದುಬಿಟ್ಟರೆ ಎಷ್ಟು ಮಜಾ! ತುಟಿ ಕಚ್ಚಿಕೊಂಡೆ. ಮೂರನೆಯ ಮಹಡಿಯ ಕೊನೆಯಲ್ಲಿ ಅರ್ಧಮಾತಿನ ಕಾಲು ಗಾಳಿಯಲ್ಲಿ ನಿಂತಿತು. ನೆಲ ಬಂತೆಂದುಕೊಂಡು ಅವನು ಹಿಂದಕ್ಕೆ ದೊಡ್ಡ ಹೆಜ್ಜೆ ಹಾಕುವವನಿದ್ದ.

“ಭಾವ?” ಎಂದ. ಮುಖದಿಂದ ಬೆವರು ಇಳಿಯುತ್ತಿತ್ತು.

“ಇನ್ನೂ ಒಂದಿದೆ.”

ಅವನು ಒಂದು ಗಳಿಗೆ ಪಿಯಾನೊದ ಅಂಚಿನ ಮೇಲಿಂದ ನನ್ನ ಮುಖ ನೋಡಿದ. ನನ್ನ ಮದುವೆಯ ದಿನದಿಂದ ನನ್ನ ಒಂದು ಮಾತನ್ನೂ ನಂಬದ ಮನುಷ್ಯ. ಆಮೇಲೆ ಕಾಲನ್ನು ಹಿಂದಕ್ಕೆಳೆದುಕೊಂಡು, ಮೆಲ್ಲಗೆ ಕೆಳಗೆ ಇಳಿಸಿದ. ಮೆಟ್ಟಿಲು ಅಲ್ಲಿತ್ತು.

ಕೊನೆಯ ಮಹಡಿಯೂ ಮುಗಿಯಿತು. “ಎರಡು... ಒಂದು... ನೆಲ!” ಎಂದು ಕೂಗಿದೆ. ಸಂಗೀತದ ಟೀಚರು ಅಲ್ಲೇ ಮುಚ್ಚಳ ತೆಗೆದು ಒಂದು ಬಿಳಿ ಕೀ ಒತ್ತಿದರು. ಸ್ವರ ಸರಿಯಾಗಿತ್ತು. ಅರ್ಧಮಾತು ಗೋಡೆಗೊರಗಿ ಕೂತು, ಹುಟ್ಟಿದಾರಭ್ಯ ಆಡದಷ್ಟು ಉದ್ದ ಮಾತಾಡಿದ.

“ಭಾವ, ನೀವು ಎಣಿಸ್ತೀರ ಅಂದಾಗ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಆಮೇಲೆ ಅಕ್ಕ ಹೇಳಿದ್ಲು, ನಿಮ್ಮ ಬಸ್ಸು ಈಗ ಹನ್ನೊಂದೇ ನಿಮಿಷಕ್ಕೆ ಬರುತ್ತಂತೆ. ಆಗ ಸಮಾಧಾನ ಆಯ್ತು.”

ಪೂರ್ತಿ ವಾಕ್ಯ! ಮೂರು! ಎಲ್ಲರೂ ಪಿಯಾನೊ ಮರೆತು ಅವನನ್ನೇ ನೋಡಿದರು.

ವರ್ಷ ಕಳೆದ ಮೇಲೆ ಅಂಕಿ ಸಾಹೇಬರಿಂದ ಕಾಗದ ಬಂತು. ಫಿಸಿಯೋಥೆರಪಿ ಪಡೆದವರಿಗೆ ಮೊದಲ ವಾರಗಳಲ್ಲಿ ಸ್ವಲ್ಪ ಬೇಗ ಆರಾಮವಾಯಿತು. ಕೆಲವು ತಿಂಗಳಾದ ಮೇಲೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ ಎಂದಿತ್ತು.

“ಸ್ವಲ್ಪ!” ಎಂದು ಹಾರಿಬಿದ್ದೆ. “ಆ ಹೆಬ್ಬೆರಳಿಗೆ ಬರೀ ಸ್ವಲ್ಪವಾ?”

“ಆ ಸ್ವಲ್ಪದಲ್ಲಿ ನಿಮ್ಮ ಆ ‘ಎರಡು’ ಕೂಡ ಸೇರಿದೆ ಕಣ್ರೀ,” ಎಂದಳು ಹೆಂಡತಿ. “ಹದಿನೇಳು ಅಂದಿದ್ರೆ ಅದೂ ಇರ್ತಿರಲಿಲ್ಲ.”

ಆ ಹೊತ್ತಿಗೆ ನನ್ನ ನೋವು ಸೊನ್ನೆಗೆ ಇಳಿದು ಬಹಳ ತಿಂಗಳಾಗಿತ್ತು. ಕೆಳಗಿನ ಜಾಗ ವಾಪಸ್ ಬೇಕೇ ಎಂದು ಮೇಸ್ತ್ರಿ ಕೇಳಿದ್ದರು. ಒಂದು ವಾರ ಬೀರು, ಒಂದು ವಾರ ಎಣಿಕೆ ಎಂದು ನಾನೂ ಅರ್ಧಮಾತೂ ಹಂಚಿಕೊಂಡಿದ್ದೇವೆ. ಅವನ ಎಣಿಕೆ ‘ಹದಿನೆಂ... ಹದಿನೇ...’ ಎಂದು ಸಾಗುತ್ತದೆ. ಅಷ್ಟರಲ್ಲಿ ನಾನು ಇಳಿದಾಗಿರುತ್ತದೆ.

ಅಂದಹಾಗೆ, ಸಂಗೀತಶಾಲೆಯ ಮೆಟ್ಟಿಲು ಎಪ್ಪತ್ತೆರಡು. ಮೊದಲು ಹೇಳಿದ್ದನ್ನು ತಿದ್ದಿಕೊಳ್ಳಿ. ಎಣಿಸಿದವನು ನಾನೇ, ಭಾಗಿಸಬೇಡಿ. ಬೀರುವಿನೊಳಗಿನ ಬೆಕ್ಕಿನ ವಿಷಯದಲ್ಲಿ ಮಾತ್ರ ನಾನು ಒಂದು ಮರಿಯನ್ನೂ ಬಿಟ್ಟುಕೊಡುವವನಲ್ಲ.